‘ಇವತ್ತು ಇಸ್ವಾಣ ಇಲ್ಲ’ ಎನ್ನುವ ಹೋಟೆಲು

ಕಾರವಾರದಲ್ಲಿ ಮೀನೂಟಕ್ಕೆ ಎಲ್ಲಿಗೆ ಹೋಗೋಣ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ‘ಇಲ್ಲ’ ಎನ್ನುವ ಹೋಟೆಲು ಹುಡುಕಿ. ಇಸ್ವಾಣ, ಅಂದರೆ ಅಂಜಲ್ ಮೀನು, ಕೇಳಿದರೆ ‘ಇವತ್ತು ಬಂದಿಲ್ಲ’ ಎನ್ನಬೇಕು. ಮೂರು ಗಂಟೆಗೆ ಹೋದರೆ ‘ಊಟ ಮುಗೀತು’ ಎನ್ನಬೇಕು. ಅಂಥ ಕಡೆ ತಾಟಿಗೆ ಏನು ಬಿತ್ತೋ ಅದು ಇವತ್ತಿನದು. ಧೈರ್ಯವಾಗಿ ಉಣ್ಣಬಹುದು.

ನನ್ನ ತವರು ಅಂಕೋಲೆ, ಮನೆ ಶಿರಸಿ. ಆಡಿಟ್ ಆಫೀಸಿನಲ್ಲಿ ಕೆಲಸ. ಸೇವಾ ಸಹಕಾರಿ ಸಂಘ, ಹಾಲಿನ ಸಂಘ, ಮೀನುಗಾರರ ಸಂಘ ಅಂತ ಜಿಲ್ಲೆಯಲ್ಲಿ ಎಲ್ಲಿ ಲೆಕ್ಕ ನೋಡುವುದಿದ್ದರೂ ಫೈಲು ಹಿಡಿದು ಬಸ್ಸು ಹತ್ತುವುದು. ಬೆಳಿಗ್ಗೆ ಘಟ್ಟ ಇಳಿದರೆ ಮಧ್ಯಾಹ್ನದ ಊಟ ಕುಮಟೆಯೋ, ಹೊನ್ನಾವರವೋ, ಕಾರವಾರವೋ. ಒಬ್ಬಳೇ ಹೋಗಿ ಒಬ್ಬಳೇ ಕೂತು ಉಣ್ಣುವುದೇ ಜಾಸ್ತಿ. ಹಾಗಾಗಿ ರುಚಿಯ ಜೊತೆಗೆ ಇನ್ನೆರಡು ವಿಷಯ ನೋಡುತ್ತೇನೆ. ಒಬ್ಬಳೇ ಬಂದ ಹೆಂಗಸಿಗೆ ಎಲ್ಲಿ ಜಾಗ ಕೊಡುತ್ತಾರೆ, ಮತ್ತು ಕೈ ತೊಳೆಯುವ ಜಾಗ, ಪಾಯಿಖಾನೆ ಹೇಗಿದೆ. ಇವೆರಡು ಸರಿ ಇಲ್ಲದ ಕಡೆ ಸಾರು ಎಷ್ಟೇ ಚೆನ್ನಾಗಿದ್ದರೂ ನಾನು ಮತ್ತೆ ಹೋಗುವುದಿಲ್ಲ.

ಮೊದಲು ನನ್ನ ಮೆಚ್ಚಿನ ಜಾಗ. ಕಾರವಾರದ ಮೀನು ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದ ಒಂದು ಮನೆ. ಜಗುಲಿಯನ್ನೂ ಮುಂದಿನ ಕೋಣೆಯನ್ನೂ ಸೇರಿಸಿ ಖಾನಾವಳಿ ಮಾಡಿದ್ದಾರೆ. ಆರು ಟೇಬಲ್. ಹೊರಗೆ ಬೋರ್ಡು ಇಲ್ಲ. ನಡೆಸುವವರು ಅತ್ತೆ-ಸೊಸೆ. ಮಗ ಬೆಳಿಗ್ಗೆ ಬೈತಖೋಲ ಬಂದರಿಗೆ ಹೋಗಿ ಮೀನು ತರುತ್ತಾರೆ, ಆಮೇಲೆ ತಮ್ಮ ರಿಕ್ಷಾ ಹತ್ತುತ್ತಾರೆ. ಹೆಸರು ಹಾಕಿ ಬರೆಯಲಾ ಎಂದು ಕೇಳಿದೆ. ‘ಬೇಡ ಅಕ್ಕೋರೆ. ನಾವು ಮಾಡೋದೇ ನಲವತ್ತು ಊಟ. ದೂರದಿಂದ ಬಂದವರನ್ನ ಹಸಿದ ಹೊಟ್ಟೇಲಿ ವಾಪಸ್ ಕಳಿಸೋದು ನಂಗೆ ಆಗೋದಿಲ್ಲ’ ಎಂದರು ಅತ್ತೆ. ಅವರ ಮಾತು ಮೀರುವ ಮನಸ್ಸು ನನಗಿಲ್ಲ. ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸರ ಹತ್ತಿರ ‘ಅತ್ತೆ-ಸೊಸೆ ಊಟ’ ಎಂದು ಕೇಳಿ, ದಾರಿ ತೋರಿಸುತ್ತಾರೆ. ಕೇಳುವ ಮೊದಲು ಅವರ ಹತ್ತಿರ ಸ್ವಲ್ಪ ಮೀನು ತಗೊಂಡರೆ ಇನ್ನೂ ಒಳ್ಳೆಯದು.

ಬಾಗಿಲ ಪಕ್ಕ ಒಂದು ಕರಿ ಹಲಗೆ ಇದೆ. ಹನ್ನೆರಡರ ಸುಮಾರಿಗೆ ಸೊಸೆ ಅದರ ಮೇಲೆ ಅವತ್ತಿನ ಮೀನಿನ ಹೆಸರು ಬರೆಯುತ್ತಾರೆ. ಬಂಗಡೆ, ನೊಗ್ಲಿ (ಕಾಣೆ), ಶೆಟ್ಲಿ (ಸಿಗಡಿ), ಬೆಳಚು (ಚಿಪ್ಪು ಮೀನು), ಹೀಗೆ. ಒಂದೊಂದು ಮುಗಿದ ಹಾಗೆ ಒರೆಸುತ್ತಾರೆ. ಒಂದೂವರೆಗೆ ಹೋದರೆ ಹಲಗೆಯಲ್ಲಿ ಎರಡೇ ಹೆಸರು ಉಳಿದಿರುತ್ತವೆ. ಇಸ್ವಾಣದ ಹೆಸರು ಇರುವ ದಿನ ಕಡಿಮೆ. ದೊಡ್ಡ ಹೋಟೆಲಿನವರು ಬಂದರಿನಲ್ಲೇ ಎತ್ತಿಕೊಂಡು ಹೋಗುತ್ತಾರೆ, ಇವರಿಗೆ ಆ ರೇಟು ಕಟ್ಟುವುದಿಲ್ಲ. ‘ಇಸ್ವಾಣ ಇಲ್ಲ, ಬಂಗಡೆ ಚಲೋ ಬಂದದೆ’ ಎಂದು ಹೇಳುವಾಗ ಆ ಸೊಸೆಗೆ ಒಂದು ಚೂರೂ ಸಂಕೋಚವಿಲ್ಲ. ನನಗೆ ಅದೇ ಇಷ್ಟ.

ಊಟಕ್ಕೆ 130 ರೂಪಾಯಿ, ಹುರಿದ ಮೀನಿಗೆ ಬೇರೆ. ಸ್ಟೀಲ್ ತಾಟಿನಲ್ಲಿ ಕುಚ್ಚಲಕ್ಕಿ ಅನ್ನ, ಬಟ್ಟಲಲ್ಲಿ ಮೀನು ಹುಮಣ ಎಂಬ ಸಾರು, ಒಂದು ಸುಕ್ಕೆ (ಕಾಯಿ ಮಸಾಲೆಯ ಗಟ್ಟಿ ಪಲ್ಯ), ಒಂದು ತರಕಾರಿ ಪಲ್ಯ, ಉಪ್ಪಿನಕಾಯಿ, ಲೋಟದಲ್ಲಿ ಸೋಲ್ ಕಡಿ. ಬಂಗಡೆ ಹುಮಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಅರಿಶಿನ ನುಣ್ಣಗೆ ಅರೆದು ಕುದಿಸುತ್ತಾರೆ. ಹುಳಿಗೆ ಮುರುಗಲು (ಕೋಕಂ) ಸಿಪ್ಪೆ. ಒಗ್ಗರಣೆ ಇಲ್ಲ. ಇಳಿಸುವ ಹೊತ್ತಿಗೆ ಜಜ್ಜಿದ ತೆಪ್ಪಲ ಹಾಕಿ, ಮೇಲಿಂದ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ ಬಿಟ್ಟು ಮುಚ್ಚುತ್ತಾರೆ. ಜುಮ್ಮಿನಕಾಯಿ ಎಂದು ಗೊತ್ತಿದ್ದವರಿಗೆ ಇದೇ ತೆಪ್ಪಲ. ಒಳಗಿನ ಕರಿ ಬೀಜ ತೆಗೆದು ಸಿಪ್ಪೆಯನ್ನು ಮಾತ್ರ ಬಳಸುತ್ತಾರೆ. ಬಂಗಡೆ, ತಾರ್ಲೆಯಂಥ ಎಣ್ಣೆ ಜಾಸ್ತಿ ಇರುವ ಮೀನಿನ ವಾಸನೆಯನ್ನು ಇದು ಹಿಡಿದಿಡುತ್ತದೆ. ಹದವಾಗಿ ಹಾಕಿದ್ದರೆ ನಾಲಿಗೆಯ ತುದಿ ಸಣ್ಣಗೆ ಜುಮ್ಮೆನ್ನುತ್ತದೆ, ಆ ಹೊತ್ತಿಗೆ ಸರಿಯಾಗಿ ತೆಂಗಿನಕಾಯಿಯ ಸಿಹಿ ಬರುತ್ತದೆ. ಜಾಸ್ತಿಯಾದರೆ ಬಾಯಿ ಮರಗಟ್ಟಿ ಮುಂದಿನ ತುತ್ತಿನ ರುಚಿಯೇ ಗೊತ್ತಾಗುವುದಿಲ್ಲ. ಈ ಅತ್ತೆಯ ಕೈ ಯಾವತ್ತೂ ತಪ್ಪಿದ್ದನ್ನು ನಾನು ನೋಡಿಲ್ಲ. ಶೆಟ್ಲಿ ಸಾರಿಗೆ ಅವರು ತೆಪ್ಪಲ ಹಾಕುವುದಿಲ್ಲ, ಈರುಳ್ಳಿ ಹಾಕುತ್ತಾರೆ. ಎಲ್ಲ ಮೀನಿಗೂ ಒಂದೇ ಕೆಂಪು ಗ್ರೇವಿ ಸುರಿಯುವ ಹೋಟೆಲುಗಳಿಗೂ ಇವರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ.

ಹುರಿದ ಮೀನು ಬೇಕೆಂದರೆ ರವಾ ಹಚ್ಚಿ ಕಾವಲಿಯ ಮೇಲೆ ಹಾಕುತ್ತಾರೆ. ನೀವು ಕೂತ ಮೇಲೆಯೇ ಹಾಕುವುದು. ಹತ್ತು ನಿಮಿಷ ಕಾಯಬೇಕು. ಕಾಯಲು ಆಗದವರು ಹುಮಣ ಉಂಡು ಎದ್ದು ಹೋಗಬಹುದು, ಅದೇ ಸಾಕಾಗುವಷ್ಟು ಚೆನ್ನಾಗಿದೆ. ನೊಗ್ಲಿ ಸಿಕ್ಕಿದರೆ ಬಿಡಬೇಡಿ. ಮೈ ತೆಳ್ಳಗೆ, ಮುಳ್ಳು ನಡುವೆ ಒಂದೇ ಸಾಲು. ಬೆರಳಿನಲ್ಲಿ ಮೇಲಿನಿಂದ ಒಂದು ಸಲ ಎಳೆದರೆ ಬಿಳಿ ಮಾಂಸ ಎರಡೂ ಕಡೆ ಬಿಡಿಸಿಕೊಂಡು ಬರುತ್ತದೆ. ಮೀನು ತಿಂದು ಅಭ್ಯಾಸವಿಲ್ಲದ ಮಕ್ಕಳಿಗೂ ಕೊಡಬಹುದು.

ಸೋಲ್ ಕಡಿ ಕೊನೆಗೆ. ಮುರುಗಲು ಸಿಪ್ಪೆ ನೆನೆಸಿದ ನೀರು, ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು. ಕೆಲವು ಕಡೆ ಗುಲಾಬಿ ಬಣ್ಣದ ನೀರು ಕೊಟ್ಟು ಅದನ್ನೇ ಸೋಲ್ ಕಡಿ ಎನ್ನುತ್ತಾರೆ. ತೆಂಗಿನ ಹಾಲು ಮೊದಲ ಹಿಂಡಿದ್ದಾದರೆ ಲೋಟದ ಅಂಚಿಗೆ ತೆಳ್ಳಗೆ ಅಂಟಿಕೊಂಡಿರುತ್ತದೆ. ಇಲ್ಲಿ ಹಾಗೆ ಅಂಟಿಕೊಳ್ಳುತ್ತದೆ. ಎರಡನೇ ಲೋಟಕ್ಕೆ ದುಡ್ಡು ತಗೊಳ್ಳುವುದಿಲ್ಲ, ಆದರೆ ಕೇಳಿದರೆ ಮಾತ್ರ ಕೊಡುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. 61 ದಿನ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಆ ಎರಡು ತಿಂಗಳಲ್ಲಿ ಒಂದು ಹೋಟೆಲು ಏನು ಬಡಿಸುತ್ತದೆ ಎಂದು ನೋಡಿದರೆ ಅದರ ಪೂರ್ತಿ ಗುಣ ಗೊತ್ತಾಗುತ್ತದೆ. ಈ ಖಾನಾವಳಿಯ ಹಲಗೆಯಲ್ಲಿ ಜುಲೈ ತಿಂಗಳಲ್ಲಿ ಇರುವುದು ಕಾಳಿ ಹೊಳೆಯ ಬೆಳಚು, ಹೊಳೆ ಮೀನು ಸಿಕ್ಕಿದರೆ ಹೊಳೆ ಮೀನು, ಮತ್ತೆ ಒಣ ಶೆಟ್ಲಿ ಕಿಸ್ಮೂರ. ಕಿಸ್ಮೂರ ಗೊತ್ತಿಲ್ಲದವರಿಗೆ: ಒಣ ಶೆಟ್ಲಿಯನ್ನು ಗರಿಗರಿ ಹುರಿದು, ಹಸಿ ತೆಂಗಿನ ತುರಿ, ಈರುಳ್ಳಿ, ಮೆಣಸು, ಹುಳಿ ಸೇರಿಸಿ ಕೈಯಲ್ಲೇ ಕಲಸುವುದು. ಕಲಸಿದ ಕೂಡಲೇ ತಿನ್ನಬೇಕು, ಇಟ್ಟರೆ ಮೆತ್ತಗಾಗುತ್ತದೆ. ಹೊರಗೆ ಜೋರು ಮಳೆ, ಬಿಸಿ ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ಕಿಸ್ಮೂರ. ಇಸ್ವಾಣ ಬೇಕು ಎಂದು ಯಾಕೆ ಅನ್ನಿಸಬೇಕು ಹೇಳಿ.

ಕೊರತೆಗಳೂ ಇವೆ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಒಳಗೆ ಬೆವರು ಸುರಿಯುತ್ತದೆ, ಇರುವ ಎರಡು ಫ್ಯಾನು ಸಾಲುವುದಿಲ್ಲ. ಒಂದು ಗಂಟೆಯ ಹೊತ್ತಿಗೆ ಬ್ಯಾಂಕಿನವರು, ಕೋರ್ಟಿನವರು ಒಟ್ಟಿಗೆ ಬರುತ್ತಾರೆ, ಆಗ ಬಡಿಸುವುದು ತಡವಾಗುತ್ತದೆ. ಸಸ್ಯಾಹಾರಿಗಳಿಗೆ ಪಲ್ಯ, ದಾಳಿ ತೊವ್ವೆ ಬಿಟ್ಟರೆ ಏನೂ ಇಲ್ಲ, ಅದೂ ಮೀನಿನ ಅಡುಗೆಮನೆಯಲ್ಲೇ ಆದದ್ದು. ಪಾಯಿಖಾನೆ ಮನೆಯವರದೇ, ಹಿಂದುಗಡೆ ಇದೆ. ಕೇಳಿದರೆ ಬೀಗ ತೆಗೆದು ಕೊಡುತ್ತಾರೆ. ಚೊಕ್ಕವಾಗಿದೆ. ಒಬ್ಬಳೇ ಹೋದಾಗ ಸೊಸೆ ನನ್ನನ್ನು ಅಡುಗೆಮನೆ ಬಾಗಿಲ ಹತ್ತಿರದ ಟೇಬಲಿಗೆ ಕರೆಯುತ್ತಾರೆ. ಅಲ್ಲಿ ಕೂತರೆ ಯಾರೂ ಎದುರು ಬಂದು ಕೂರುವುದಿಲ್ಲ, ಅವರ ಜೊತೆ ಮಾತೂ ಆಗುತ್ತದೆ. ಹೊರಗೆ ಕೆಲಸ ಮಾಡುವ ಹೆಂಗಸರಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ಹೋಟೆಲು ನಡೆಸುವ ಗಂಡಸರಿಗೆ ಹೇಳಿ ಹೇಳಿ ಸಾಕಾಗಿದೆ.

ಇದಕ್ಕೆ ಪೂರ್ತಿ ಉಲ್ಟಾ ಅನುಭವ ಆದದ್ದು ಗೋಕರ್ಣ ಕಡೆಯ ಒಂದು ಬೀಚ್ ಕೆಫೆಯಲ್ಲಿ. ಹೆಸರು ಬೇಡ. ತಂಗಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು, ಅಲ್ಲಿಗೇ ಹೋಗಬೇಕು ಎಂದಳು. ಮೆನು ಒಂದು ಪುಸ್ತಕದಷ್ಟು ದಪ್ಪ. ಪಿಜ್ಜಾ, ಪಾಸ್ತಾ, ಹಮ್ಮಸ್, ಚೈನೀಸ್, ಬಟರ್ ಚಿಕನ್, ತಂದೂರಿ ಇಸ್ವಾಣ, ಎಲ್ಲವೂ ಇದೆ. ಜುಲೈ ತಿಂಗಳ ಮಳೆಯಲ್ಲಿ ‘ಫ್ರೆಶ್ ಕ್ಯಾಚ್’ ಎಂದು ಬೇರೆ ಬರೆದಿದ್ದರು. ಎಲ್ಲಿಂದ ಬಂತು ಎಂದು ಕೇಳಿದೆ. ಹುಡುಗನಿಗೆ ಗೊತ್ತಿಲ್ಲ. ಬಂದ ಮೀನು ಹೊರಗೆ ಕಪ್ಪಾಗಿತ್ತು, ಒಳಗೆ ಹತ್ತಿಯ ಹಾಗೆ ಪುಡಿಪುಡಿ. ಫ್ರೀಜರಿನಲ್ಲಿ ತುಂಬ ದಿನ ಇದ್ದ ಮೀನು ಹಾಗೇ ಆಗುವುದು. ಕಡಲು ಕಾಣುತ್ತದೆ ಎಂದು ಅಷ್ಟು ದುಡ್ಡು ಕೊಡುವ ಜನರಿಗೆ ಹೀಗೆ ಮಾಡಬಾರದು. ಅದೇ ಕೆಫೆಯಲ್ಲಿ ಶುಂಠಿ, ಲಿಂಬೆ, ಜೇನು ಹಾಕಿದ ಬಿಸಿನೀರು ಮಾತ್ರ ಬಹಳ ಚೆನ್ನಾಗಿತ್ತು. ಶುಂಠಿ ಆಗಲೇ ಜಜ್ಜಿದ್ದರು. ಇರುವುದನ್ನು ಸರಿಯಾಗಿ ಮಾಡಲು ಅವರಿಗೂ ಬರುತ್ತದೆ ಅಂತಾಯಿತಲ್ವಾ?

ಬೀಚಿನ ಕೆಫೆಗಳೆಲ್ಲ ಹೀಗೆ ಎಂದು ನಾನು ಹೇಳುತ್ತಿಲ್ಲ. ಮಳೆಗಾಲಕ್ಕೆ ಮುಚ್ಚಿ, ಮಳೆ ಮುಗಿದ ಮೇಲೆ ಚಪ್ಪರ ಹಾಕಿ ತೆಗೆಯುವ ಸಣ್ಣ ಜಾಗಗಳು ಗೋಕರ್ಣದ ಆಚೀಚೆ ಇವೆ. ನನಗೆ ಅವುಗಳ ಮೇಲೆ ಹೆಚ್ಚು ನಂಬಿಕೆ.

ಕುಮಟೆ ಹತ್ತಿರ ಹೋದರೆ ಅಘನಾಶಿನಿ ಹೊಳೆಯ ಬೆಳಚು ಕೇಳಿ. ಈ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಮಹತ್ವದ ಜೌಗು ಪ್ರದೇಶ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ಸೊಂಟದ ನೀರಿನಲ್ಲಿ ನಿಂತು ಕೈಯಿಂದಲೇ ಬೆಳಚು ಆರಿಸುತ್ತಾರೆ. ತಂದು ನೀರಿನಲ್ಲಿ ಇಟ್ಟು ಮರಳು ಬಿಡಿಸದಿದ್ದರೆ ಹಲ್ಲಿಗೆ ಕರಕರ ಸಿಗುತ್ತದೆ. ಬೆಳಚಿನ ಸುಕ್ಕೆಯಲ್ಲಿ ಮರಳು ಸಿಗದಿದ್ದರೆ ಆ ಅಡುಗೆಯವರು ಉಳಿದದ್ದನ್ನೂ ಹೀಗೇ ನೋಡಿಕೊಳ್ಳುತ್ತಾರೆ ಎಂದು ನನ್ನ ಲೆಕ್ಕ. ಮೇ ತಿಂಗಳಾದರೆ ಅಂಕೋಲೆಯಲ್ಲಿ ಇಳಿದು ಕರಿ ಈಶಾಡು ಮಾವಿನಹಣ್ಣು ತಗೊಳ್ಳಿ. ಆಯಾ ಊರಿನ ವಿಶೇಷ ಬೆಳೆಗೆ ಕೊಡುವ ಜಿಐ ಟ್ಯಾಗ್ 2023ರಲ್ಲಿ ಸಿಕ್ಕಿದ ಹಣ್ಣು. ಸಿಪ್ಪೆ ತೆಳ್ಳಗೆ, ರಸ ಜಾಸ್ತಿ, ಬೇಗ ಕೆಡುತ್ತದೆ, ಹಾಗಾಗಿ ದೂರದ ಪೇಟೆಗೆ ಹೋಗುವುದೇ ಕಡಿಮೆ. ಅಂಕೋಲೆಯಲ್ಲಿ ಇದರ ರಸ ಕೊಡುವ ಹೋಟೆಲು ಸಿಕ್ಕಿದರೆ ಐಸ್ ಹಾಕಬೇಡಿ ಎಂದು ಮೊದಲೇ ಹೇಳಿ.

ಇನ್ನು ಶಿರಸಿ. ಇದು ನನ್ನ ದಿನನಿತ್ಯದ ಊರು. ಮನೆಯಲ್ಲಿ ಅಡುಗೆ ಮಾಡಲು ಮನಸ್ಸಿಲ್ಲದ ದಿನ ನಾವು ಹೋಗುವುದು ದೇವಿಕೆರೆಯಿಂದ ಸ್ವಲ್ಪ ಒಳಗಿನ ಓಣಿಯಲ್ಲಿರುವ ಒಂದು ಸಣ್ಣ ಊಟದ ಹೋಟೆಲಿಗೆ. ಗಂಡ-ಹೆಂಡತಿ ನಡೆಸುತ್ತಾರೆ. ಇಬ್ಬರೂ ಅರವತ್ತು ದಾಟಿದವರು. ಬಾಳೆ ಎಲೆ, ಬಿಳಿ ಅನ್ನ, ತಂಬುಳಿ, ಸಾರು, ಪಲ್ಯ, ಮಜ್ಜಿಗೆ. ದಿನಾ ಬದಲಾಗುವುದು ತಂಬುಳಿ. ಒಂದು ದಿನ ಒಂದೆಲಗ, ಇನ್ನೊಂದು ದಿನ ಸಾಂಬಾರ ಸೊಪ್ಪು, ಮತ್ತೊಂದು ದಿನ ಶುಂಠಿ. ಹಿಂದಿನ ಹಿತ್ತಿಲಲ್ಲಿ ಏನು ಚಿಗುರಿದೆಯೋ ಅದು. ಮಳೆ ಶುರುವಾದರೆ ಕೆಸುವಿನ ಸೊಪ್ಪಿನ ಕರಕಲಿ. ಸೊಪ್ಪು ಚೆನ್ನಾಗಿ ಬೇಯದಿದ್ದರೆ, ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಇಲ್ಲಿ ಹುಳಿ ಜೋರಾಗಿಯೇ ಬೀಳುತ್ತದೆ, ಮೆಣಸು, ಬೆಳ್ಳುಳ್ಳಿ ಒಗ್ಗರಣೆಯೂ ಜೋರು. ಒಂದು ಚಮಚ ಕರಕಲಿಗೆ ಅರ್ಧ ಎಲೆ ಅನ್ನ ಖಾಲಿ.

ಆದರೆ ಜನ ಇಲ್ಲಿಗೆ ಬರುವುದು ಅಪ್ಪೆಹುಳಿಗೆ. ಪರಿಮಳದ ಅಪ್ಪೆ ಮಾವಿನಕಾಯಿಯನ್ನು ಬೇಯಿಸಿ, ಕಿವುಚಿ, ನೀರು ಸೇರಿಸಿ, ಉಪ್ಪು ಹಾಕಿ, ಸಾಸಿವೆ, ಇಂಗು, ಮೆಣಸಿನ ಒಗ್ಗರಣೆ. ಇಷ್ಟೇ. ಅನ್ನಕ್ಕೂ ಹಾಕಿಕೊಳ್ಳಬಹುದು, ಲೋಟದಲ್ಲೂ ಕುಡಿಯಬಹುದು. ಉಂಡ ಮೇಲೆ ನಿದ್ದೆ ಬಂದೇ ಬರುತ್ತದೆ, ಮಧ್ಯಾಹ್ನ ಆಫೀಸು ಇದ್ದವರು ಒಂದೇ ಲೋಟಕ್ಕೆ ನಿಲ್ಲಿಸುವುದು ಒಳ್ಳೆಯದು. ಯಜಮಾನರು ಇದನ್ನು ಮಾವಿನ ಮಿಡಿ, ಕಾಯಿ ಸಿಗುವ ತಿಂಗಳಲ್ಲಿ ಮಾತ್ರ ಮಾಡುತ್ತಾರೆ. ಉಳಿದ ದಿನ ಯಾರಾದರೂ ಪ್ರವಾಸಿಗಳು ಬಂದು ಕೇಳಿದರೆ, ‘ಈಗ ಅಪ್ಪೆಕಾಯಿ ಕಾಲ ಅಲ್ಲ ತಂಗಿ. ಲಿಂಬೆಹುಳಿದು ಮಾಡಿದ್ದೆ, ಅದು ಬೇಕಾದ್ರೆ ಹಾಕ್ತೆ’ ಎನ್ನುತ್ತಾರೆ. ಲಿಂಬೆಯದನ್ನು ಲಿಂಬೆಯದು ಎಂದೇ ಹೇಳಿ ಬಡಿಸುವ ಹೋಟೆಲು ಇದು. ಬಾಟಲಿಯಿಂದ ಎಸೆನ್ಸ್ ಹನಿಸಿ ಮಾವಿನದು ಎಂದು ಕೊಟ್ಟಿದ್ದರೆ ಹೊರಗಿನವರಿಗೆ ಏನು ಗೊತ್ತಾಗುತ್ತಿತ್ತು? ಅವರು ಹಾಗೆ ಮಾಡುವುದಿಲ್ಲ.

ಇಲ್ಲಿ ಊಟಕ್ಕೆ 90 ರೂಪಾಯಿ. ಎರಡನೇ ಸಲ ಅನ್ನ ಬೇಕಾದರೂ ಅಷ್ಟೇ. ರಾತ್ರಿ ಇಲ್ಲ. ಭಾನುವಾರ ಇಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಊರಿಗೇ ಊರೇ ತುಂಬಿ ಎಲ್ಲ ಹೋಟೆಲುಗಳೂ ರಾತ್ರಿಯಿಡೀ ತೆರೆದಿದ್ದರೂ ಇವರು ಮಧ್ಯಾಹ್ನದ ಊಟಕ್ಕೇ ನಿಲ್ಲಿಸುತ್ತಾರೆ. ಕೇಳಿದರೆ, ‘ಇಬ್ಬರಿಂದ ಆಗೋದು ಇಷ್ಟೇ’ ಎನ್ನುತ್ತಾರೆ. ಒಂದೇ ಒಂದು ತಕರಾರು ನನಗಿದೆ. ನೆಲಕ್ಕೆ ಹಾಸಿದ ಹಳೇ ಕಲ್ಲು ಮಳೆಗಾಲದಲ್ಲಿ ಜಾರುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಕೈ ಹಿಡಿದುಕೊಳ್ಳಿ. ಅವರಿಗೂ ಹೇಳಿದ್ದೇನೆ, ಬೇಸಿಗೆಯಲ್ಲಿ ಸರಿ ಮಾಡಿಸುತ್ತಾರಂತೆ.

ಶಿರಸಿಗೆ ಬಂದು ತೊಡೆದೇವು ತಿನ್ನದೆ ಹೋಗಬೇಡಿ. ಪ್ಯಾಕೆಟ್ಟು ಎಲ್ಲ ಕಡೆ ಸಿಗುತ್ತದೆ. ಆದರೆ ಮಾಡುವುದನ್ನು ನೋಡಲು ಸಿಕ್ಕಿದರೆ ನಿಂತು ನೋಡಿ. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿರುತ್ತಾರೆ. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲು ಅಥವಾ ಬೆಲ್ಲ ಸೇರಿಸಿದ ನೀರಾದ ಹಿಟ್ಟು ಪಕ್ಕದಲ್ಲಿ. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಮಡಕೆಯ ಬೆನ್ನ ಮೇಲೆ ಒಂದೇ ಸಲ ಎಳೆಯುತ್ತಾರೆ. ಸುಯ್ ಎಂದು ಶಬ್ದ. ಒಂದೆರಡು ಕ್ಷಣದಲ್ಲಿ ಅಂಚು ಏಳುತ್ತದೆ. ಬಿಸಿ ಇರುವಾಗಲೇ ಎತ್ತಿ ಮಡಚಬೇಕು, ತಡವಾದರೆ ಮುರಿಯುತ್ತದೆ. ಆಚೆ ಕಡೆ ಹಿಡಿದ ಬೆರಳು ಕಾಣುವಷ್ಟು ತೆಳ್ಳಗೆ. ನಾನು ತಗೊಳ್ಳುವ ಅಂಗಡಿಯಲ್ಲಿ ಆಲೆಮನೆ ನಡೆಯುವ ದಿನಗಳಲ್ಲಿ ಕಬ್ಬಿನ ಹಾಲಿನದು, ಉಳಿದ ದಿನ ಬೆಲ್ಲದ್ದು. ಯಾವುದು ಯಾವುದೆಂದು ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆದಿರುತ್ತಾರೆ. ಕಬ್ಬಿನ ಹಾಲಿನದಕ್ಕೆ ಸಿಹಿ ಸ್ವಲ್ಪ ಕಡಿಮೆ, ಪರಿಮಳ ಜಾಸ್ತಿ. ಬಿಸಿ ಹಾಲಿಗೆ ಅದ್ದಿ ತಿನ್ನಿ, ಇಲ್ಲವೇ ತುಪ್ಪ ಸವರಿ.

ಘಟ್ಟದ ಮೇಲಿರಲಿ ಕೆಳಗಿರಲಿ, ದಾರಿಬದಿಯ ಚಾ ಅಂಗಡಿಗಳ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಲಾರಿ ನಿಂತ ಕಡೆ ಚಾ ಚೆನ್ನಾಗಿರುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ನಂಬುವ ಮಾತು, ಅದು ಬಹುಮಟ್ಟಿಗೆ ನಿಜ. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಾಗ, ಅಲ್ಲಿ ಚಾ ಅಂಗಡಿ ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿಯವರು ಪ್ರಾಣ ಕಳೆದುಕೊಂಡರು. ಗಂಗಾವಳಿ ಹೊಳೆಯಲ್ಲಿ ತಿಂಗಳುಗಟ್ಟಲೆ ಹುಡುಕಿದರು. ದೂರದ ಊರಿನ ಡ್ರೈವರಿಗೆ ಅಂಥ ಅಂಗಡಿ ಎಂದರೆ ಬಿಸಿ ಚಾ, ಎರಡು ಇಡ್ಲಿ, ಮುಖ ತೊಳೆಯಲು ನೀರು, ಅರ್ಧ ಗಂಟೆ ಕಣ್ಣು ಮುಚ್ಚಲು ಜಾಗ. ಆ ರಸ್ತೆಯಲ್ಲಿ ಹೋಗುವಾಗ ಈಗಲೂ ಬಸ್ಸಿನಲ್ಲಿ ಮಾತು ನಿಲ್ಲುತ್ತದೆ. ಗುಡ್ಡ ಕಡಿದು ರಸ್ತೆ ಮಾಡುವವರು ಅಂಗಡಿಗಳಿಗೂ ಲಾರಿಗಳಿಗೂ ನಿಲ್ಲಲು ಗಟ್ಟಿ ಜಾಗ ಮಾಡಿ ಕೊಡಲೇಬೇಕು. ಹೋಟೆಲಿನ ಬಗ್ಗೆ ಬರೆಯುವವಳು ಇದನ್ನು ಬರೆಯದೆ ಇರಲು ಆಗುವುದಿಲ್ಲ.

ಗೊತ್ತಿಲ್ಲದ ಊರಿನಲ್ಲಿ ಒಳ್ಳೆಯ ಹೋಟೆಲು ಹುಡುಕುವುದು ಹೇಗೆ ಎಂದು ಆಫೀಸಿನ ಹುಡುಗಿಯರು ಕೇಳುತ್ತಾರೆ. ಮೊಬೈಲಿನಲ್ಲಿ ಸ್ಟಾರ್ ನೋಡಿ ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ನಾನು ಕೇಳುವುದು ಪಿಗ್ಮಿ ಏಜೆಂಟರನ್ನು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಶುರು ಮಾಡಿದ ಈ ಪಿಗ್ಮಿ ಠೇವಣಿ ಈಗ ನಮ್ಮ ಸೊಸೈಟಿಗಳ ಜೀವ. ಏಜೆಂಟರು ದಿನಾ ಅಂಗಡಿ ಅಂಗಡಿಗೆ ಹೋಗಿ ದುಡ್ಡು ಸಂಗ್ರಹ ಮಾಡುತ್ತಾರೆ. ಯಾವ ಹೋಟೆಲಿನ ಅಡುಗೆಮನೆ ಬೆಳಿಗ್ಗೆ ಹೇಗಿರುತ್ತದೆ, ಎಣ್ಣೆ ಎಷ್ಟು ಸಲ ಕಾಯುತ್ತದೆ, ಯಾರು ಅಡುಗೆಯವರಿಗೆ ಸಂಬಳ ಸರಿಯಾಗಿ ಕೊಡುತ್ತಾರೆ, ಎಲ್ಲ ಅವರ ಕಣ್ಣಿಗೆ ಬೀಳುತ್ತದೆ. ‘ನೀವು ಎಲ್ಲಿ ಉಣ್ತೀರಿ?’ ಎಂದು ಕೇಳಬೇಕು. ‘ಯಾವುದು ಫೇಮಸ್?’ ಎಂದು ಕೇಳಿದರೆ ಉತ್ತರವೇ ಬೇರೆ ಬರುತ್ತದೆ. ಕಾರವಾರದ ಖಾನಾವಳಿಯೂ ನನಗೆ ಸಿಕ್ಕಿದ್ದು ಹೀಗೇ.

ಜಿಲ್ಲೆಯ ಆಚೆ ಹೋದಾಗಲೂ ನಾನು ಇದೇ ಗುಣ ಹುಡುಕುತ್ತೇನೆ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಶುಕ್ರವಾರ ರಜೆ. ಎಷ್ಟು ಜನ ಹೊರಗೆ ನಿಂತಿದ್ದರೂ ಮೆನು ಬೆಳೆದಿಲ್ಲ. ಜನ ಹೋಗುವುದು ಆ ದಪ್ಪ ಮಸಾಲೆ ದೋಸೆಗೆ, ತಾಟುಗಳನ್ನು ಕೈಯುದ್ದ ಜೋಡಿಸಿಕೊಂಡು ಬರುವ ಸಪ್ಲಾಯರನ್ನು ನೋಡುವುದಕ್ಕೆ. 1924ರಲ್ಲಿ ಶುರುವಾದ ಎಂಟಿಆರ್‌ನವರು ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿದರು ಎನ್ನುತ್ತಾರೆ. ನನಗೆ ಆ ರವಾ ಇಡ್ಲಿ ತಿನ್ನುವಾಗೆಲ್ಲ ಜುಲೈ ತಿಂಗಳ ಕಿಸ್ಮೂರ ನೆನಪಾಗುತ್ತದೆ. ಇಲ್ಲದ್ದನ್ನು ಇದೆ ಎನ್ನದೆ, ಇರುವುದರಲ್ಲಿ ಹೊಸದನ್ನು ಮಾಡಿದ ಕೈಗಳು ಎರಡೂ ಕಡೆ.

ಹೋಗುವವರಿಗೆ ಕೆಲವು ಮಾತು. ಕಾರವಾರದ ಖಾನಾವಳಿಗೆ ಹನ್ನೆರಡೂವರೆ ಒಳಗೆ ಹೋಗಿ, ಸೋಮವಾರ ಮತ್ತು ಸಂಕಷ್ಟಿಯ ದಿನ ಮೀನು ಕಡಿಮೆ ತರುತ್ತಾರೆ. ಆಗಸ್ಟ್ ಮೊದಲ ವಾರ ದೋಣಿಗಳು ಕಡಲಿಗೆ ಇಳಿದ ಮೇಲೆ ಶೆಟ್ಲಿ ಚೆನ್ನಾಗಿ ಬರುತ್ತದೆ, ಆದರೆ ಕಡಲು ಕೆಟ್ಟರೆ ಅದೂ ಇಲ್ಲ, ಹಿಂದಿನ ದಿನ ಯಾರನ್ನಾದರೂ ಕೇಳಿಕೊಂಡು ಹೊರಡಿ. ಶಿರಸಿಯ ಅಪ್ಪೆಹುಳಿಗೆ ಮಾರ್ಚ್, ಏಪ್ರಿಲ್ ಸರಿಯಾದ ಕಾಲ. ಕರಕಲಿಗೆ ಜೂನ್ ಕೊನೆಯ ಮೇಲೆ. ಎರಡೂ ಕಡೆ ಫೋನಿನಲ್ಲಿ ದುಡ್ಡು ಹಾಕಬಹುದು, ಆದರೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುತ್ತದೆ, ಚಿಲ್ಲರೆ ಇಟ್ಟುಕೊಳ್ಳಿ. ಹತ್ತು ಜನರ ಮೇಲೆ ಹೋಗುವುದಿದ್ದರೆ ಹಿಂದಿನ ದಿನವೇ ಹೇಳಿ, ಅವರು ಒಪ್ಪಿದರೆ ಮಾತ್ರ ಹೋಗಿ.